ತಮ್ಮ ತಾಟು ತಾವೇ

ನಗಬೇಕೆಂದು ನಾನು ಎಲ್ಲಿಗೂ ಹೋಗಬೇಕಾಗಿಲ್ಲ. ನಮ್ಮ ಕಡೆ ನಗು ತಾನೇ ಟಿಕೆಟ್ ತೆಗೆಸಿ, ಗೇಟು ದಾಟಿ, ನನ್ನ ಕೌಂಟರಿನ ಮುಂದೆ ಬಂದು ನಿಲ್ಲುತ್ತದೆ. ನಿಲ್ಲುತ್ತದೆ ಅಂದೆನಲ್ಲ, ಅದೇ ತಪ್ಪು. ನಿಲ್ಲುವುದಿಲ್ಲ, ಕೂತುಬಿಡುತ್ತದೆ. ನನ್ನ ಕಷ್ಟವೂ ಅದೇ.

ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ, ಕಾಲುವೆಯ ಪಕ್ಕಕ್ಕೆ, ನಮ್ಮ ಸಾವ್ಕಾರರು ಒಂದು ವಾಟರ್ ಪಾರ್ಕ್ ಕಟ್ಟಿಸಿದರು. ಕಾಲುವೆಗೆ ನೀರು ಬಂದ ಮೇಲೆ ಭತ್ತ ಬಂತು, ಭತ್ತದ ಹಿಂದೆ ಅವರ ರೈಸ್ ಮಿಲ್ಲು ಬಂತು, ಮಿಲ್ಲಿನ ಹಿಂದೆ ಹೈದರಾಬಾದಿಗೆ ಹೋಗಿ ಬರುವ ಚಟ ಬಂತು. ಅಲ್ಲಿ ಮಂದಿ ಎತ್ತರದಿಂದ ಜಾರಿ ನೀರಿಗೆ ಬೀಳುವುದನ್ನು ಕಂಡು ಬಂದವರೇ ಇಲ್ಲೂ ಅಂಥದ್ದನ್ನೇ ಮಾಡಿಸಿದರು. ಶುರುವಿನಲ್ಲಿ ಊರ ಹಿರಿಯರು ಗೇಟಿನ ಹೊರಗೇ ನಿಂತು, "ಬಾಜೂಕ ಪುಗಸಟ್ಟೆ ಕಾಲುವಿ ಹರೀತದ, ಟಿಕೀಟ್ ತಗೊಂಡು ಯಾಕ ಬೀಳಬೇಕಪಾ?" ಎಂದು ಕೇಳಿ ಹೋಗುತ್ತಿದ್ದರು. ಆದರೆ ಮೊಮ್ಮಕ್ಕಳು ಬಿಡಬೇಕಲ್ಲ.

ಆ ಪಾರ್ಕಿನ ಕ್ಯಾಂಟೀನು ನನ್ನ ಪಾಲಿಗೆ ಬಂತು. ನಾನು ಸುರಪುರದಲ್ಲಿ ಬಹಳ ವರ್ಷ ಖಾನಾವಳಿ ನಡೆಸಿದವನು. ರಸ್ತೆ ಅಗಲ ಮಾಡುವಾಗ ಅದು ಹೋಯಿತು. ಈ ವಯಸ್ಸಿನಲ್ಲಿ ಇನ್ನೊಂದು ಒಲೆ ಹೂಡುವ ಶಕ್ತಿ ನನಗಿಲ್ಲ. ಈ ನೌಕರಿಯೂ ಹೋದರೆ ಮನೆಯಲ್ಲಿ ಕೂತು ಹೆಂಡತಿಯ ಅಡುಗೆಯಲ್ಲಿ ಹುಳುಕು ಹುಡುಕುವುದೊಂದೇ ಉಳಿಯುವ ಕೆಲಸ, ಅದಕ್ಕೆ ಆಕೆ ಒಪ್ಪುವುದಿಲ್ಲ.

ಸಾವ್ಕಾರರು ಮೊದಲ ದಿನವೇ ಗೋಡೆಗೆ ಒಂದು ಬೋರ್ಡು ಹಾಕಿಸಿದರು: "ತಮ್ಮ ತಾಟು ತಾವೇ ತೆಗೆದುಕೊಳ್ಳಿ." ನನಗೂ ಬಿಡಿಸಿ ಹೇಳಿದರು. "ನೋಡ್ರಿ, ಇಲ್ಲಿ ಯಾರ ಮುಂದನೂ ತಾಟು ಒಯ್ಯೂದಿಲ್ಲ. ಮಂದೀನೇ ಕೌಂಟರಿಗಿ ಬರಬೇಕು. ದೀಪಾವಳಿ ತನಕ ನೋಡ್ತೀನಿ. ಅವರು ಕಲೀಲಿಲ್ಲಂದ್ರ ಕ್ಯಾಂಟೀನ್ ಹೈದರಾಬಾದ್ ಕಾಂಟ್ರ್ಯಾಕ್ಟರಗ ಕೊಟ್ಟಬಿಡ್ತೀನಿ."

ಜೀವಮಾನವೆಲ್ಲ ಬಡಿಸಿದ ಕೈ ನನ್ನದು. ಈಗ ಅದನ್ನು ಕಟ್ಟಿಕೊಂಡು ನಿಲ್ಲುವುದಕ್ಕೇ ಪಗಾರ.

ಕೈ ಕಡಿಮೆ ಬಿದ್ದದ್ದು

ಮೊದಲ ಭಾನುವಾರ ಕೆಂಭಾವಿ ಕಡೆಯ ಒಂದು ಕುಟುಂಬ ಬಂತು. ದೊಡ್ಡ ರುಮಾಲಿನ ಹಿರಿಯರು, ಅವರ ಹಿಂದೆ ಮನೆಮಂದಿಯೆಲ್ಲ. ಬಂದರು, ಟೇಬಲ್ಲಿಗೆ ಕೂತರು, ಕೂತೇ ಇದ್ದರು. ನಾನು ಕೌಂಟರಿನಿಂದಲೇ ಕೂಗಿದೆ, "ಇಲ್ಲಿಗಿ ಬರ್ರಿ ಯಜಮಾನ್ರ!"

"ಇರ್ಲಿ ಇರ್ಲಿ, ನಿಮ್ಮ ಕೆಲಸ ಮುಗೀಲಿ. ನಮಗೇನ್ ಅವಸರಿಲ್ಲ" ಎಂದರು ಅವರು, ಬಹಳ ಮರ್ಯಾದೆಯಿಂದ.

ಹತ್ತಿರ ಹೋಗಿ ವಿವರಿಸಿದೆ. ಇಲ್ಲಿ ತಂದುಕೊಡುವ ಪದ್ಧತಿ ಇಲ್ಲ, ಬೇಕಾದವರು ಬಂದು ಒಯ್ಯಬೇಕು ಎಂದೆ. ಅವರ ಮುಖ ಸಣ್ಣಗಾಯಿತು. "ಬಡಿಸೋ ಮಂದಿ ಕೈ ಕೊಟ್ಟಾರೇನ್ರಿ? ಮದಲೇ ಹೇಳಬೇಕಿಲ್ಲೇನು?" ಎಂದು ಎದ್ದರು, ಧೋತರ ಮೇಲಕ್ಕೆ ಕಟ್ಟಿದರು, ಕೌಂಟರಿನ ಹಿಂದೆ ಬಂದು ಮಂಡಕ್ಕಿ ಸೂಸಲಾದ ಬುಟ್ಟಿ ಬಗಲಿಗೆ ಹಿಡಿದರು. ನಮ್ಮಲ್ಲಿ ಮದುವೆ ಮನೆಯಲ್ಲಿ ಬಡಿಸುವ ಕೈ ಕಡಿಮೆ ಬಿದ್ದರೆ ಪಂಕ್ತಿಯಿಂದಲೇ ನಾಲ್ಕು ಜನ ಏಳುವುದಿಲ್ಲವೇ, ಹಾಗೆ. ತಮ್ಮವರಿಗಷ್ಟೇ ಅಲ್ಲ, ಇಡೀ ಕ್ಯಾಂಟೀನಿಗೆ ಬಡಿಸಿದರು. "ನಾಚಬ್ಯಾಡ್ರಿ, ಇನ್ನೊಂದೀಟು ಹಾಕ್ಲೇನು? ಮಿರ್ಚಿ ತಗೋರಿ, ಮಿರ್ಚಿ!" ಚಡ್ಡಿ ಹಾಕಿಕೊಂಡು ನೀರಿನಿಂದ ಎದ್ದು ಬಂದ ಯಾದಗಿರಿಯ ಹುಡುಗರು ಕೂಡ ಎರಡೆರಡು ಸಲ ಹಾಕಿಸಿಕೊಂಡು ತಿಂದರು. ನಾನು ಬಾಯಿ ತೆರೆಯುವುದರೊಳಗೆ ಬುಟ್ಟಿಯ ತಳ ಕಂಡಿತು.

ಹೋಗುವಾಗ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದರು: "ಮುಂದಿನ ಐತವಾರ ಮಂದಿ ಕಡಿಮಿ ಬಿದ್ರ ಹೇಳಿ ಕಳಸ್ರಿ. ಅಣ್ತಮ್ಮಂದಿರ್ನೂ ಕರಕೊಂಡ್ ಬರ್ತೀನಿ."

ನೀವು ಮೊದಲು

ಆಮೇಲೆ ಜನ ಸಾಲು ನಿಲ್ಲುವುದನ್ನು ತುಸು ಕಲಿತರು. ನಾನು ಹಿಗ್ಗಿದೆ. ಆದರೆ ಒಂದು ದಿನ ಸಾಲಿನ ತಲೆಯಲ್ಲಿ ಇಬ್ಬರು ಬೀಗರು ಬಂದು ನಿಂತರು. ಒಬ್ಬರು ಹೆಣ್ಣು ಕೊಟ್ಟವರು, ಇನ್ನೊಬ್ಬರು ತಂದುಕೊಂಡವರು.

"ತಗೋರಿ ಬೀಗರ."

"ಛೇ ಛೇ, ನೀವು ತಗೋರಿ. ನೀವು ತಗೊಳ್ಳದ ನಾ ಹ್ಯಾಂಗ ತಗೊಳ್ಲಿ?"

"ನಾ ಮದಲ ಮುಟ್ಟಿದ್ರ ನಮ್ಮ ಮನ್ಯಾಗ ನನ್ನ ಒಳಗ ಕರಕೋತಾರೇನ್ರಿ?"

ಸಾಲು ಬೆಳೆದು ಬಾಗಿಲು ದಾಟಿತು. ಹಿಂದಿನವರು ಕೂಗಲಿಲ್ಲ. ಬೀಗರ ನಡುವೆ ಮಾತಾಡಿ ಮನಸ್ತಾಪ ತಂದಿಡುವ ಪಾಪ ಯಾರಿಗೆ ಬೇಕು? ಕೊನೆಗೆ ನಾನೇ ಜಾಣತನ ಮಾಡಿದೆ. ಎರಡು ತಾಟು ಎರಡೂ ಕೈಯಲ್ಲಿ ಹಿಡಿದು ಒಂದೇ ಸಲಕ್ಕೆ ಇಬ್ಬರ ಕೈಗೂ ಇಟ್ಟುಬಿಟ್ಟೆ. ಇಬ್ಬರೂ ಸಂತೋಷಪಟ್ಟು ಟೇಬಲ್ಲಿಗೆ ಹೋದರು. ಹಿಂದಿನವರಿಗೆಲ್ಲ ಕೊಟ್ಟು ಮುಗಿಸಿ ನೋಡುತ್ತೇನೆ, ಉಪ್ಪಿಟ್ಟು ಇಬ್ಬರ ಮುಂದೂ ಹಾಗೇ ಇದೆ.

"ಮದಲ ತುತ್ತು ನೀವು ತಗೋರಿ ಬೀಗರ."

ರೊಟ್ಟಿ ತಿಂದು ಬೈರಿ

ಸಾವ್ಕಾರರ ಇನ್ನೊಂದು ಹುಕುಂ, ಕ್ಯಾಂಟೀನಿನಲ್ಲಿ ಯಾರೂ ಬುತ್ತಿ ಬಿಚ್ಚಬಾರದು. ಬುತ್ತಿ ಬಿಟ್ಟು ಬನ್ನಿ ಎಂದು ನಮ್ಮ ಹೆಣ್ಣುಮಕ್ಕಳಿಗೆ ಹೇಳುವುದೂ ಒಂದೇ, ಕೂಸನ್ನು ಬಿಟ್ಟು ಬನ್ನಿ ಅನ್ನುವುದೂ ಒಂದೇ. ವನದುರ್ಗದಿಂದ ಬಂದ ಒಬ್ಬ ಅವ್ವ ಕ್ಯಾಂಟೀನಿನ ನಟ್ಟನಡುವೆ ಗಂಟು ಬಿಚ್ಚಿದಳು. ಸಜ್ಜಿ ರೊಟ್ಟಿ, ಪುಂಡಿ ಪಲ್ಲೆ, ಶೇಂಗಾ ಚಟ್ನಿ, ಗಡಿಗೆಯಲ್ಲಿ ಕೆನೆ ಮೊಸರು. ವಾಸನೆ ಕೌಂಟರಿಗೆ ಬಂತು. ನಾನು ಸಿಟ್ಟು ತಂದುಕೊಂಡು ಹೋದೆ. ಸಿಟ್ಟು ಇರಲಿಲ್ಲ, ದಾರಿಯಲ್ಲಿ ತಂದುಕೊಂಡದ್ದು.

"ಯವ್ವಾ, ಇಲ್ಲಿ ಬುತ್ತಿ ಉಣ್ಣಂಗಿಲ್ಲ. ಸಾವ್ಕಾರ್ರು ನನ್ನ ಬೈತಾರ."

ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಮಾರಿ ಎಟ್ಟು ಬಾಡ್ಯಾದೋ ನಿಂದು! ಕುಂದ್ರು. ಒಂದು ರೊಟ್ಟಿ ತಿಂದು ಆಮ್ಯಾಲ ಬೈಯಂತಿ."

ಅನ್ನ ಮುಂದಿಟ್ಟಾಗ ಒಲ್ಲೆ ಅನ್ನಬಾರದು. ಕೂತೆ. ಮೂರನೇ ರೊಟ್ಟಿಗೆ ಕೈಯಿಕ್ಕಿದ್ದೆ, ಬಾಗಿಲಲ್ಲಿ ಸಾವ್ಕಾರರು. ಎದ್ದು ನಿಲ್ಲಲು ಹೋದರೆ ಮಡಿಲಲ್ಲಿ ಮೊಸರಿನ ಗಡಿಗೆ. ಅವ್ವನಿಗೆ ಏನೂ ಅನಿಸಲಿಲ್ಲ. "ಬರ್ರೀ ಸಾವ್ಕಾರ್ರ, ನಿಮ್ಮ ಆಳು ಪಾಪ ಹಸ್ಕೊಂಡಿದ್ದ. ನೀವೂ ಒಂದು ತುತ್ತು ಮಾಡ್ರಿ" ಎಂದು ಅವರ ಕೈಗೂ ರೊಟ್ಟಿ ಇಟ್ಟಳು. ಸಕ್ಕರೆ ಕಾಯಿಲೆ ಬಂದಾಗಿನಿಂದ ಮನೆಯಲ್ಲಿ ಅವರಿಗೆ ಬರೀ ಗಂಜಿಯ ಯೋಗ. ನಿಂತೇ ತಿಂದರು, ಆಮೇಲೆ ಕೂತು ತಿಂದರು. ಪಲ್ಲೆಯ ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡೂ ತಿಂದರು.

ಕೊನೆಗೆ ಮೀಸೆ ಒರೆಸಿಕೊಂಡು ನನ್ನತ್ತ ತಿರುಗಿ ಕಣ್ಣು ಕೆಂಪಗೆ ಮಾಡಿದರು. "ಇಂಥಾವೆಲ್ಲ ಇಲ್ಲಿ ನಡ್ಯಾಂಗಿಲ್ಲ. ದೀಪಾವಳಿ ಹತ್ರ ಬಂತು, ನೆಪ್ಪಿರ್ಲಿ!"

ಹೇಳಿ, ಗಡಿಗೆಯ ತಳದ ಮೊಸರನ್ನೂ ಹಾಕಿಸಿಕೊಂಡರು.

ಉಪ್ಪಿಟ್ಟಿನ ದಿನ

ದೀಪಾವಳಿ ಬಂದೇ ಬಂತು. ಹಬ್ಬಕ್ಕೆ ಮೊದಲಿನ ವಾರ ಸಾವ್ಕಾರರು ಹೈದರಾಬಾದಿನ ಆ ಕಾಂಟ್ರ್ಯಾಕ್ಟರನನ್ನು ಕರೆತಂದು ಕಿಟಕಿ ಪಕ್ಕದ ಟೇಬಲ್ಲಿಗೆ ಕೂರಿಸಿದರು. ಆತ ನನ್ನ ಒಲೆಯನ್ನು, ಕಪಾಟನ್ನು, ಕಡೆಗೆ ನನ್ನನ್ನೂ ತನ್ನದೇ ಸಾಮಾನು ಎಂಬಂತೆ ನೋಡುತ್ತಿದ್ದ. ನಾನು ಉಪ್ಪಿಟ್ಟಿಗೆ ಇನ್ನೊಂದು ಚಮಚ ತುಪ್ಪ ಹಾಕಿದೆ.

ಅದೇ ಹೊತ್ತಿಗೆ ಹೆಣ್ಣು ನೋಡುವ ಕಾರ್ಯ ಬಂತು. ಹುಡುಗಿ ಸುರಪುರದವಳು, ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಹುಡುಗನ ಕಡೆಯವರು ಯಾದಗಿರಿಯಿಂದ ಬಂದಿದ್ದರು. ಮನೆಗೆ ಕರೆದರೆ ಓಣಿಯೆಲ್ಲ ಕಿಟಕಿಯಲ್ಲಿ ನೇತಾಡುತ್ತದೆ ಎಂದು ಹುಡುಗಿಯ ಅಪ್ಪ ಇಬ್ಬರಿಗೂ ನಡುವಾಗುವ ನಮ್ಮ ಪಾರ್ಕನ್ನು ಗೊತ್ತುಮಾಡಿದ್ದ.

ಹುಡುಗನ ಕಡೆ ಮಾತೆಲ್ಲ ಅವನ ಅಜ್ಜಿಯದು. ದೊಡ್ಡ ಮೂಗುಬೊಟ್ಟಿನ ಮುದುಕಿ, ಕುರ್ಚಿಯಲ್ಲಿ ಕೂತರೆ ಕುರ್ಚಿಯೇ ಕಾಣುವುದಿಲ್ಲ. "ಉಪ್ಪಿಟ್ಟು ಹುಡುಗಿ ಕೈಲೇ ಬರ್ಲಿ" ಎಂದಳು. ಅದು ಪದ್ಧತಿ. ಹುಡುಗಿ ಸೆರಗು ಸರಿಮಾಡಿಕೊಂಡು ಕೌಂಟರಿಗೆ ಬಂದಳು. ನಾನು ಅವರೆಲ್ಲರ ತಾಟು ಹಾಕಿ ಸಾಲಾಗಿ ಇಟ್ಟೆ. ಅಷ್ಟು ತಾಟು ಆಕೆಯ ಎರಡು ಕೈಗೆ ಹೇಗೆ ಬರಬೇಕು? ಅಪ್ಪ ನನ್ನ ಕಿವಿಯ ಹತ್ತಿರ ಬಂದ. "ಅಣ್ಣಾರ, ನಿಮ್ಮ ಕಾಲಿಗಿ ಬೀಳ್ತೀನಿ, ಆಕಿ ಜೋಡಿ ನೀವೂ ನಾಕು ತಾಟು ಹಿಡೀರಿ. ಈ ಸಂಬಂಧ ಹೋಗಬಾರದು."

ಬಡಿಸಿದ ಕೈ ಸುಮ್ಮನಿರುತ್ತದೆಯೇ? ತಾಟಿಗೆ ಹೋಗಿಯೇ ಬಿಟ್ಟಿತ್ತು. ಕಿಟಕಿಯ ಕಡೆ ಸಾವ್ಕಾರರು ಕೆಮ್ಮಿದರು. ಕೈ ಹಿಂದಕ್ಕೆ ತೆಗೆದುಕೊಂಡೆ. "ತಂಗೀ, ನಾ ತಾಟು ಒಯ್ದ್ರ ನನ್ನ ನೌಕರಿ ಹೋಗ್ತದ" ಎಂದು ಹುಡುಗಿಗೆ ಹೇಳಿದೆ.

ಆಕೆ ಬೋರ್ಡು ನೋಡಿದಳು. ನನ್ನ ಮುಖ ನೋಡಿದಳು. ಸಾಲಾಗಿ ಇಟ್ಟ ತಾಟು, ಎದುರಿಗೆ ಕೂತ ಮಂದಿ ನೋಡಿದಳು. ದಿನಾ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಹಾಕಿಸುವ ಹುಡುಗಿ ಅದು. ತಾನು ಎಲ್ಲಿದ್ದೇನೆ ಎನ್ನುವುದೇ ಮರೆತು ಹೋಯಿತೋ ಏನೋ, ಚಪ್ಪಾಳೆ ತಟ್ಟಿ ಒಂದು ದನಿ ತೆಗೆದಳು:

"ಏಯ್, ಎಲ್ಲಾರೂ ಸಾಲಾಗಿ ಬರ್ರಿ! ಸಣ್ಣವ್ರು ಮುಂದ, ದೊಡ್ಡವ್ರು ಹಿಂದ. ಗದ್ಲ ಮಾಡಿದವ್ರಿಗಿ ಕಡೀಕ!"

ಮಾತು ಮುಗಿದ ಮೇಲೆ ಆಕೆಗೇ ಎಚ್ಚರವಾಗಿ ಮುಖ ಬಿಳುಪೇರಿತು. ಅಪ್ಪ ತಲೆ ಮೇಲೆ ಕೈ ಹೊತ್ತ. ಆದರೆ ಎಲ್ಲರಿಗಿಂತ ಮೊದಲು ಹುಡುಗ ಎದ್ದು ಬಂದು ಸಾಲಿನ ತಲೆಗೆ ಕೈಕಟ್ಟಿ ನಿಂತಿದ್ದ. ಅವನ ಹಿಂದೆ ಅವರಪ್ಪ, ಕಾಕಾ, ಸೋದರಮಾವ. ಬೇರೆ ಟೇಬಲ್ಲಿನವರೂ ಎದ್ದರು. ತಿರುಗಿ ನೋಡಿದರೆ ಸಾಲಿನ ಬಾಲಕ್ಕೆ ಹೈದರಾಬಾದಿನ ಕಾಂಟ್ರ್ಯಾಕ್ಟರ್, ಅವನ ಹಿಂದೆ ನಮ್ಮ ಸಾವ್ಕಾರರು! ಆ ದನಿಗೆ ಅವರ ಕಾಲುಗಳೂ ಸಣ್ಣಂದಿನ ಶಾಲೆಯನ್ನು ನೆನೆಸಿಕೊಂಡಿರಬೇಕು. ಯಾರೂ ಗದ್ದಲ ಮಾಡಲಿಲ್ಲ, ಯಾರೂ "ನೀವು ಮೊದಲು" ಅನ್ನಲಿಲ್ಲ.

ಹುಡುಗ ತನ್ನ ತಾಟು ಇಟ್ಟು ಬಂದು ಅಜ್ಜಿಯ ತಾಟೂ ಒಯ್ದ. ತಿಂದಾದ ಮೇಲೆ ಅಜ್ಜಿಯದನ್ನೂ ತನ್ನದನ್ನೂ ಎತ್ತಿ ತೊಳೆಯುವ ತೊಟ್ಟಿಗೆ ಹಾಕಿ ಬಂದ. ಕಾಂಟ್ರ್ಯಾಕ್ಟರ್ ತನ್ನ ತಾಟು ತಾನೇ ಇಟ್ಟು, ಇಂಥ ಸಾಲು ನಮ್ಮ ಹೈದರಾಬಾದಿನಲ್ಲೂ ಕಂಡಿಲ್ಲ, ಇಲ್ಲಿ ನನ್ನ ಕೆಲಸವೇನು ಎಂದು ಸಾವ್ಕಾರರಿಗೆ ಕೈಮುಗಿದ. ನನಗೆ ಹೋದ ಜೀವ ಬಂತು.

ಬಂದ ಜೀವ ನಿಲ್ಲಲಿಲ್ಲ. ಸಾವ್ಕಾರರು ಹಿಗ್ಗಿ ಹೀರೇಕಾಯಿಯಾಗಿ ನೇರ ಹುಡುಗಿಯ ಹತ್ತಿರ ಬಂದರು. "ತಂಗೀ, ನಾಳಿಂದ ಈ ಕೌಂಟರಿಗಿ ನೀನೇ ಬಾ!"

ನಾನು ನನ್ನ ನೌಕರಿ ನೋಡುತ್ತಿದ್ದೆ, ಅಪ್ಪ ತನ್ನ ಸಂಬಂಧ ನೋಡುತ್ತಿದ್ದ. ಎಲ್ಲರೂ ಅಜ್ಜಿಯ ಮುಖ ನೋಡುತ್ತಿದ್ದರು. ಆಕೆ ಸಾವಕಾಶ ನೀರು ಕುಡಿದಳು, ಬಾಯಿ ಒರೆಸಿಕೊಂಡಳು.

"ಅದು ಆಗಂಗಿಲ್ಲ ಸಾವ್ಕಾರ. ಹುಡುಗಿ ನಮಗ ಪಸಂದ ಬಂದಾಳ. ಕೌಂಟರಿನ್ಯಾಗ ಈ ಹಿರ್ಯಾನೇ ಇರ್ಲಿ, ಉಪ್ಪಿಟ್ಟು ಚಲೋ ಮಾಡ್ಯಾನ. ಕೈ ಕೆಳಗ ಆಳು ಬೇಕಂದ್ರ ನಮ್ಮ ಹುಡುಗನ್ನ ಇಟ್ಕೋರಿ. ಹುಟ್ಟಿದಾಗಿಂದ ತನ್ನ ತಾಟು ತಾ ಎತ್ತಿದಾಂವ ಅಲ್ಲ, ಇವತ್ತ ನಂದೂ ಎತ್ಯಾನ!"