ಊಟ ಆದ ಮೇಲೆ ಓಡಿಸಬೇಕು

ನಮ್ಮ ಆಫೀಸಿನಲ್ಲಿ ಒಂದು ಕೆಲಸ ಸುಸೂತ್ರವಾಗಿ ಮುಗಿದರೆ ನನಗೇ ಸಂಶಯ ಬರುತ್ತದೆ, ಏನೋ ಬಿಟ್ಟುಹೋಗಿದೆ ಅಂತ.

ಪುತ್ತೂರಿನಿಂದ ಸುಳ್ಯ, ಕಡಬದ ಕಡೆಗೆ ಪಾರ್ಸೆಲ್ ಕಳಿಸುವ ಸಣ್ಣ ಸಂಸ್ಥೆ ನಮ್ಮದು. ಯಾವ ಪಾರ್ಸೆಲ್ ಯಾವ ವ್ಯಾನಿಗೆ ಎಂಬುದೆಲ್ಲ ಡೇಟಾಬೇಸಿನಲ್ಲಿ, ನೋಡಿಕೊಳ್ಳುವವನು ನಾನು. ಅದಕ್ಕೆ ಇಷ್ಟು ವರ್ಷ ಬಳಸಿದ ಟೂಲ್ ಈಗ ನಿಂತುಹೋಗುತ್ತದಂತೆ. ಹೊಸ ಕೋಡ್ ಎಡಿಟರಿಗೆ ಹೋಗಿ ಎಂದು ಅದನ್ನು ಮಾಡಿದ ಕಂಪೆನಿಯವರೇ ಹೇಳಿಬಿಟ್ಟರು.

ಹೇಳುವುದು ಸುಲಭ. ಆ ಟೂಲನ್ನು ನನಗೆ ಕಲಿಸಿದವನು ಪಕ್ಕದ ಕುರ್ಚಿಯ ಸವಣೂರಿನ ಗೆಳೆಯ. ಅವನು ದುಬೈಗೆ ಹೋಗಿ ಮೂರು ವರ್ಷವಾಯಿತು, ಅವನ ಕಂಪ್ಯೂಟರ್ ನನ್ನ ಪಾಲಿಗೆ ಬಂತು. ಸೇವ್ ಮಾಡುವ ಅಭ್ಯಾಸವೇ ಇಲ್ಲದ ಮನುಷ್ಯ. ಅವನು ತೆರೆದಿಟ್ಟ ಪುಟಗಳು ಆ ಟೂಲಿನೊಳಗೆ ಹಾಗೆಯೇ ಇದ್ದವು. ನಾನೂ ಮುಚ್ಚಿರಲಿಲ್ಲ. ಮುಚ್ಚಿದರೆ ಅವನು ನಿಜವಾಗಿಯೂ ಹೋದ ಹಾಗೆ ಎಂದು ನನಗೊಂದು ಹೆದರಿಕೆ.

ಕಿಟಕಿ

ಸುದ್ದಿ ಕೇಳಿದ ಸುಳ್ಯ ಶಾಖೆಯ ಅಕ್ಕ, ಗಿರಾಕಿಗಳ ಹೆಸರುಗಳನ್ನೆಲ್ಲ ಉದ್ದ ಪುಸ್ತಕಕ್ಕೆ ಬರೆಯಲು ಕುಳಿತರು. ಸಂಪಾಜೆಯವರೆಗಿನ ಗಿರಾಕಿಗಳ ಹೆಸರು ಬರೆದು ಮುಗಿಸಿದ ಮೇಲೆ ನನಗೆ ಗೊತ್ತಾಯಿತು.

"ಅಕ್ಕ, ಡೇಟಾ ಎಲ್ಲಿಗೂ ಹೋಗುದಿಲ್ಲ. ಟೂಲ್ ಅಂದ್ರೆ ಕಿಟಕಿ ಇದ್ದ ಹಾಗೆ. ಕಿಟಕಿ ಮಾತ್ರ ಬದಲಿಸುದು" ಎಂದೆ.

"ನಮ್ಮ ಮನೆಯಲ್ಲಿಯೂ ಕಿಟಕಿ ಮಾತ್ರ ಬದಲಿಸಿದ್ದು. ಗೋಡೆ ಬಿತ್ತು" ಎಂದು ಅವರು ಬರೆಯುವುದನ್ನು ಮುಂದುವರಿಸಿದರು.

ಎಫ್ ಐದು

ಹಳೆಯ ಟೂಲಿನಲ್ಲಿ ಡೇಟಾಬೇಸಿಗೆ ಪ್ರಶ್ನೆ ಬರೆದು ಎಫ್ ಐದು ಒತ್ತಿದರೆ ಉತ್ತರ ಬರುತ್ತಿತ್ತು. ಹೊಸದರಲ್ಲಿ ಅದೇ ಕೀಗೆ ಬೇರೆ ಕೆಲಸ. ನಾನು ಒತ್ತುವುದು, ಅದು ಏನೇನೋ ಕೇಳುವುದು, ನಾನು ಬೈಯುವುದು. ನೋಡಿ ನೋಡಿ ಬೇಜಾರಾದ ನಮ್ಮ ಸಂಸ್ಥೆಯ ಧನಿಗಳು, "ಆ ಕೀಯನ್ನೇ ಕಿತ್ತು ಇಡಿ ಮಾರಾಯ್ರೆ" ಎಂದರು.

ಕಿತ್ತೆ. ಮರುದಿನದಿಂದ ಬೆರಳು ಸರಿಯಾಗಿ ಕೀ ಇದ್ದ ಆ ಖಾಲಿ ಗುಂಡಿಗೇ ಹೋಗಿ ಬೀಳತೊಡಗಿತು.

ಧನಿಗಳು ಬಗ್ಗಿ ನೋಡಿದರು. "ಇನ್ನು ಕೀಳ್ಲಿಕ್ಕೆ ಉಳಿದದ್ದು ಬೆರಳು ಮಾತ್ರ."

ಆ ಒಂದು ಸಾಲು

ಕೊನೆಗೆ ಗೆಳೆಯನ ಪುಟಗಳನ್ನು ಒಂದೊಂದಾಗಿ ಹೊಸ ಎಡಿಟರಿಗೆ ತಂದೆ. ಅವನ ಪಕ್ಕ ಕುಳಿತ ಹಾಗೆಯೇ ಅನಿಸುತ್ತಿತ್ತು. ವ್ಯಾನಿನ ಪಟ್ಟಿ ತೆಗೆಯುವ ಪುಟದ ತಲೆಯ ಮೇಲೆ ಅವನು ಬರೆದಿದ್ದ: "ಊಟ ಆದ ಮೇಲೆ ಓಡಿಸಬೇಕು." ಏನೋ ತಾಂತ್ರಿಕ ಕಾರಣ ಇರಬೇಕು ಎಂದು ಮೂರು ವರ್ಷ ನಾನು ಆ ಪುಟವನ್ನು ಊಟ ಆದ ಮೇಲೆಯೇ ಓಡಿಸಿ ಪಟ್ಟಿ ತೆಗೆದಿದ್ದೆ. ಪಟ್ಟಿ ಇಲ್ಲದೆ ವ್ಯಾನ್ ಹೊರಡುವುದಿಲ್ಲ. ಪಾರ್ಸೆಲ್ ಮುಟ್ಟುವಾಗ ಸಂಜೆಯಾಗುತ್ತದೆ ಎಂದು ಪೆರಾಬೆಯ ಅಂಗಡಿಯವರು ಮೊದಮೊದಲು ದಿನಾ ಜಗಳ ಮಾಡಿ, ಆಮೇಲೆ ಸುಮ್ಮನಾಗಿದ್ದರು.

ಹೊಸ ಎಡಿಟರಿನಲ್ಲಿಯೂ ಈ ನಿಯಮ ಬೇಕೇ ಎಂದು ದುಬೈಗೆ ಫೋನ್ ಮಾಡಿದೆ.

"ಎಂತ ನಿಯಮ ಮಾರಾಯ? ಆ ದಿನ ನನಗೆ ಹಸಿವಾಗಿತ್ತು. ಊಟ ಮಾಡಿ ಬಂದು ಓಡಿಸುವ ಅಂತ ಬರೆದಿಟ್ಟದ್ದು" ಎಂದ. ಇಬ್ಬರೂ ನಕ್ಕೆವು.

ಆ ಸಾಲು ಅಳಿಸಿದೆ. ಅಳಿಸುವಾಗ ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ. ಮರುದಿನ ಹತ್ತು ಗಂಟೆಗೇ ವ್ಯಾನ್ ಹೊರಟಿತು. ಹನ್ನೊಂದೂವರೆಗೆ ಪೆರಾಬೆಯವರ ಫೋನ್.

"ಎಂತ ಮಾರಾಯ್ರೆ, ಹೇಳದೆ ಕೇಳದೆ ಈಗ ಕಳಿಸಿದ್ದು? ನಿಮ್ಮ ವ್ಯಾನ್ ಬರುದೇ ಸಂಜೆ ಅಂತ ನಾನು ಅಂಗಡಿ ತೆಗೆಯುದನ್ನೇ ಊಟ ಆದ ಮೇಲೆ ಮಾಡಿದ್ದೇನೆ. ಮೊದಲಿನ ಹಾಗೆಯೇ ಕಳಿಸಿ."

ಇಷ್ಟು ಸಂತೋಷದಿಂದ ನಾನು ಯಾರ ಬೈಗುಳವನ್ನೂ ಕೇಳಿದ್ದಿಲ್ಲ. ಆ ಸಾಲನ್ನು ಅದೇ ಜಾಗದಲ್ಲಿ ಮತ್ತೆ ಬರೆದು, ಈ ಸಲ ಸೇವ್ ಮಾಡಿ, ಫೋಟೋ ತೆಗೆದು ದುಬೈಗೆ ಕಳಿಸಿದೆ. ಅಲ್ಲಿಂದ ಬಂದ ಉತ್ತರ ಎರಡೇ ಶಬ್ದ:

"ಊಟ ಆಯ್ತಾ?"