ಚಹಾ ಕುಡಿಯದೆ ಕಲ್ಯಾಣಕ್ಕೆ ಹೋದದ್ದು

ನಾನು ಬಾಯಿ ತೆರೆದರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ. ಆದದ್ದನ್ನೆಲ್ಲ ಡೈರಿಯಲ್ಲಿ ಬರೆದಿಡುತ್ತೇನೆ. ಬಿ.ಎ.ಯಲ್ಲಿ ಇತಿಹಾಸ ಓದಿದವಳು, ನನ್ನ ಮಾನ ಹೋದದ್ದಕ್ಕೂ ದಾಖಲೆ ಬೇಕು.

ಬಾಗೇವಾಡಿಯ ಮಹಿಳಾ ಮಂಡಳಿಯವರು ಬಸವಣ್ಣನ ಕಾಲದ ಕಲ್ಯಾಣದ ಬಗ್ಗೆ ಭಾಷಣಕ್ಕೆ ಕರೆದಿದ್ದರು. "ನಾ ಹನ್ನೆರಡನೇ ಶತಮಾನದಾಗ ಹುಟ್ಟಬೇಕಾಗಿತ್ತು" ಎಂದು ಇಂಡಿ ಊರಿನ ನಮ್ಮ ಮನೆಯಲ್ಲಿ ಘೋಷಿಸಿದೆ.

ಸೊಸೆ ಮುದ್ದೇಬಿಹಾಳದವಳು, ಬಿಡುತ್ತಾಳೆಯೇ? "ಭಾಷಣದ ದಿನ ಹೊತ್ತು ಮುಳುಗೂತನಕ ಆ ಕಾಲದವ್ರಂಗ ಇದ್ದು ತೋರಸ್ರಿ ಅತ್ತಿ. ಸೋತ್ರ, ಇನ್ನ ಮ್ಯಾಲೆ 'ನಮ್ಮ ಕಾಲದಾಗ' ಅನ್ನೂದು ಬಂದ್."

ನನ್ನ ಅರ್ಧ ಮಾತು ಅದೇ. ಆದರೂ "ಆತು" ಎಂದೆ.

೧. ಅಡುಗೆಮನೆ

ಆ ದಿನ ಎದ್ದು ಹೋದರೆ ಚಹಾ ಕುದಿಯುತ್ತಿತ್ತು. ಕೈ ಚಾಚಿದೆ.

"ಇದು ನಿಮಗಲ್ರಿ. ಚಹಾ ಇಂಗ್ಲಿಷರು ತಂದದ್ದಂತ ನೀವ ಹೇಳೀರಿ."

"ಹಂಗಾರ ಬಸ್ಸು?"

"ಬ್ಯಾಡಾದ್ರ ನಡಕೋತ ಬರ್ರಿ. ಬಾಗೇವಾಡ್ಯಾಗ ಸಿಗೂಣು."

ಬಸ್ಸನ್ನು ಎತ್ತಿನ ಬಂಡಿ ಎಂದು ತಿಳಿಯುವುದಕ್ಕೆ ರಾಜಿಯಾಯಿತು. ಚಹಾವನ್ನು ಕಷಾಯ ಎಂದು ತಿಳಿಯಲು ಮಾತ್ರ ಅವಳು ಒಪ್ಪಲಿಲ್ಲ.

೨. ತಂಗಿಯ ಮನೆ

ದಾರಿಯಲ್ಲಿ ಸಿಂದಗಿಯ ತಂಗಿಯ ಮನೆಯಲ್ಲಿ ಊಟ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆಂಪು ಚಟ್ನಿ. ಸೊಸೆ ಒಂದೊಂದೇ ಬಟ್ಟಲು ಆಚೆ ಸರಿಸಿದಳು.

"ಶೇಂಗಾ, ಮೆಣಸಿನಕಾಯಿ ಎರಡೂ ಪೋರ್ಚುಗೀಜರ ಹಡಗಿನಾಗ ಬಂದಾವು. ಉಣ್ಣಾಕ ಕುಂತಾಗೆಲ್ಲ ಪಾಠ ಮಾಡಿದವ್ರು ನೀವ."

ತಟ್ಟೆಯಲ್ಲಿ ಉಳಿದದ್ದು ರೊಟ್ಟಿ, ಮೊಸರು, ಉಪ್ಪು. ತಂಗಿಗೆ ಕಣ್ಣಲ್ಲಿ ನೀರು. "ಅಕ್ಕಾ, ಡಾಕ್ಟರು ಏನಂದ್ರವಾ? ನನ್ನ ಮುಂದ ಮುಚ್ಚಬ್ಯಾಡ."

೩. ಕಲ್ಯಾಣದ ಬಾಗಿಲು

ಬಾಗೇವಾಡಿ ಬಸ್ಸಿನಲ್ಲಿ ಜೊಂಪು ಹತ್ತಿತು. ಕೊನೆಗೂ ಕಲ್ಯಾಣ ಬಂದೇಬಿಟ್ಟಿತು! ಊರಬಾಗಿಲಲ್ಲಿ ಶರಣೆಯೊಬ್ಬಳು ನೂಲು ತೆಗೆಯುತ್ತ ಕೂತಿದ್ದಳು.

"ಬರ್ರಿ. ನಿಮ್ಮ ಕಾಯಕ?"

"ಬಿ.ಎ., ಇತಿಹಾಸ. ಫಸ್ಟ್ ಕ್ಲಾಸ್."

"ಅದಿರಲಿ. ದಿನಾ ಏನ ಮಾಡ್ತೀರಿ?"

"ಸೊಸಿ ಮಾಡೂದನ್ನ ನೋಡ್ತೇನಿ. ತಪ್ಪಿದ್ರ ಹೇಳ್ತೇನಿ. ಆಮ್ಯಾಲೆ ಬರದಿಡ್ತೇನಿ."

ಆಕೆ ನೂಲಿನಿಂದ ತಲೆ ಎತ್ತಲಿಲ್ಲ. "ಹಂಗಾರ ನೀವು ಮನಿಗೆ ಹೋಗ್ರಿ. ಸೊಸಿನ್ನ ಕಳಸ್ರಿ."

೪. ವೇದಿಕೆ

ಸಭೆ ತುಂಬಿತ್ತು. ಠೀವಿಯಿಂದ ಭಾಷಣದ ಹಾಳೆ ಬಿಡಿಸಿದೆ. ಮುಂದಿನ ಸಾಲಿನಿಂದ ಸೊಸೆ ತನ್ನ ಕಣ್ಣು ಮುಟ್ಟಿ ತೋರಿಸಿದಳು. ಹೌದಲ್ಲ, ಆ ಕಾಲದಲ್ಲಿ ಚಾಳೀಸಿನ ಕನ್ನಡಕ ಎಲ್ಲಿತ್ತು? ತೆಗೆದಿಟ್ಟೆ. ಹಾಳೆಯಲ್ಲಿ ಒಂದಕ್ಷರ ಕಾಣಲಿಲ್ಲ. ಹಸಿದ ತಲೆಯಲ್ಲಿ ಉಳಿದದ್ದು ಬಸ್ಸಿನ ಕನಸೊಂದೇ. ಬೇರೆ ದಾರಿಯಿಲ್ಲದೆ ಅದನ್ನೇ ಹೇಳಿದೆ.

ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಸೊಸೆಯರು ಸ್ವಲ್ಪ ಜಾಸ್ತಿಯೇ ನಕ್ಕರು. ಅಧ್ಯಕ್ಷೆ ಕಣ್ಣೊರೆಸಿಕೊಳ್ಳುತ್ತ, ನನಗೆಂದು ತಂದಿದ್ದ ಶಾಲು ಹಿಡಿದು ಎದ್ದರು. "ಆ ಸೊಸಿ ಎಲ್ಲಿ ಅದಾರ? ಮ್ಯಾಲೆ ಬರ್ರಿ!"

ಶಾಲು ಸೊಸೆಯ ಹೆಗಲೇರಿತು. ಅದೇ ಹೊತ್ತಿಗೆ ನನ್ನ ಮುಂದೆ ಚಹಾದ ತಟ್ಟೆ ಬಂತು. ಕಿಟಕಿಯಲ್ಲಿ ಹೊತ್ತು ಇನ್ನೂ ಮುಳುಗಿರಲಿಲ್ಲ. ನಾನು ಮುಳುಗಿದೆ. ಒಂದು ಕಪ್ಪು ಮುಗಿಸಿ ಇನ್ನೊಂದು ಎತ್ತಿಕೊಂಡೆ.

ಮರುದಿನ ಮುಂಜಾನೆ ಸೊಸೆಯ ರೊಟ್ಟಿ ದಪ್ಪಗಾಗಿತ್ತು. "ನಮ್ಮ..." ಎಂದೆ.

ಅವಳು ತಿರುಗಿ ನೋಡಿದಳು.

"ನಮ್ಮ ಚಹಾ ಎಲ್ಲೈತೆವಾ?" ಎಂದೆ.