ಕುರುಗೋಡಿನ ಕಂಬವನ್ನು ಕಂಡವರು ಯಾರು?

ನೆನಪನ್ನು ನಾನು ನಂಬುವುದಿಲ್ಲ; ಅದಕ್ಕೇ ಎಲ್ಲವನ್ನೂ ಬರೆದಿಡುತ್ತೇನೆ. ಹಿಂದೆ ನಕ್ಷೆ ಮಾಡುವವರು ದೂರ ಅಳೆಯಲೆಂದು ಅಲ್ಲಲ್ಲಿ, ಹೆಚ್ಚಾಗಿ ಗುಡ್ಡಗಳ ನೆತ್ತಿಯಲ್ಲಿ, ನಿಲ್ಲಿಸಿದ ಸರ್ವೆ ಕಂಬಗಳನ್ನು ಹುಡುಕಿ ನೋಡುವುದು, ನೋಡಿದ್ದನ್ನು ನೋಟುಪುಸ್ತಕಕ್ಕೆ ಇಳಿಸುವುದು ನನ್ನ ಹವ್ಯಾಸ. ಬಳ್ಳಾರಿಯ ಪಾರ್ವತಿನಗರದಲ್ಲಿ ನನ್ನ ಓರಗೆಯವರು ವಾಕಿಂಗ್ ಹೋಗಿ ಸಕ್ಕರೆ ಇಳಿಸಿಕೊಳ್ಳುತ್ತಾರೆ. ನಾನು ಕಲ್ಲು ನೋಡಿ ಬರುತ್ತೇನೆ. ಸಿರುಗುಪ್ಪದ ಭತ್ತದ ಬಯಲಲ್ಲಿ ಒಂದು ಕಂಬಕ್ಕಾಗಿ ದಿನವಿಡೀ ಅಲೆದು, ಕೊನೆಗೆ ಅದಕ್ಕೆ ಎಮ್ಮೆಯೊಂದು ಮೈ ಉಜ್ಜುತ್ತಿದ್ದುದನ್ನೂ ಬಿಡದೆ ದಾಖಲಿಸಿದ್ದೇನೆ. ಪುಸ್ತಕದ ಮೊದಲ ಪುಟದಲ್ಲೇ ಪ್ರತಿಜ್ಞೆಯಿದೆ: ಕಣ್ಣಾರೆ ಕಾಣದ್ದನ್ನು ಬರೆಯುವುದಿಲ್ಲ.

ಹೋದ ವಾರ ಹೆಂಡತಿ ಗಿರಿಜೆಗೆ ಕುರುಗೋಡು ಗುಡ್ಡದ ಪುಟ ಓದಿ ಹೇಳಿದೆ: ‘ಸೊಂಟದೆತ್ತರ, ಒಂದು ಮೂಲೆ ಮುಕ್ಕು, ವಿಭೂತಿ ಬಳಿದಿದೆ.’

ಅವರೆಕಾಯಿ ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. “ಅದನ್ನ ನೋಡಿದಾಕಿ ನಾನ್ರಿ. ನೀವು ಮೊಣಕಾಲು ನೋವು ಅಂತ ಅರ್ಧಕ್ಕ ಕುಂತು ಒಗ್ಗರಣಿ ಮಿರ್ಚಿ ತಿಂದ್ರಿ.”

“ಸುಳ್ಳು! ಆ ವಿಭೂತಿ ಇನ್ನೂ ನನ್ನ ಕಣ್ಮುಂದೈತಿ.”

“ನಾ ಇಳದು ಬಂದು ಹೇಳಿದ್ದು ಕಣ್ಮುಂದ ಐತಿ, ಬಿಡ್ರಿ.”

ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು ನಾನು. ಈ ಒಂದು ಪುಟ ಹುಸಿಯಾದರೆ ಉಳಿದ ಪುಟಗಳನ್ನು ನಾನೇ ಹೇಗೆ ನಂಬಲಿ? ಭಾನುವಾರವೇ ಇಬ್ಬರೂ ಹೊರಟೆವು. ಮೊಣಕಾಲಿಗೆ ಪಟ್ಟಿ ಸುತ್ತಿ, ಸಿಕ್ಕ ಸಿಕ್ಕ ಬಂಡೆಯ ಮೇಲೆ ಕೂತು, ಹತ್ತಿಯೇಬಿಟ್ಟೆ. ನೆತ್ತಿಯ ಮೇಲೆ ಒಂಟಿಯಾಗಿ ನಿಂತ ಕಲ್ಲು ನಮ್ಮ ಕಡೆ ಬಹಳ ದಿನ ಬರೀ ಕಲ್ಲಾಗಿ ಉಳಿಯುವುದಿಲ್ಲ. ಆಡು ಮೇಯಿಸುವ ಅಜ್ಜಿಯೊಬ್ಬಳು ಕಂಬಕ್ಕೆ ವಿಭೂತಿ ಹಚ್ಚುತ್ತಿದ್ದಳು. ಗಿರಿಜೆಯನ್ನು ಕಂಡದ್ದೇ ಮುಖ ಅರಳಿಸಿದಳು.

“ಬಾರವ್ವ! ಹೋದ್ಸಲ ಒಬ್ಬಾಕೀನ ಬಂದಿದ್ದಿ. ಕೆಳಗ ಕುಂತು ತಿನ್ನಾಕತ್ತಿದ್ದನಲ್ಲ, ಆ ಯಪ್ಪ ಇವನೇನು?”

ನಾನು ಸೋಲೊಪ್ಪಲಿಲ್ಲ. “ಅಜ್ಜಿ, ನೆನಪು ಮೋಸ ಮಾಡ್ತೈತಿ” ಎಂದೆ.

“ನನಗ ಮೋಸ ಮಾಡಿದ್ರ ಇಷ್ಟು ಆಡು ಉಳೀತಿದ್ವೇನಪ್ಪ?”

ಗಿರಿಜೆ ಸೆರಗು ಬಾಯಿಗಿಟ್ಟುಕೊಂಡಳು. ನೆನಪಿನ ಸ್ವಭಾವದ ಬಗ್ಗೆ ಆ ಅಜ್ಜಿಯೊಂದಿಗೆ ಅರ್ಧ ತಾಸು ವಾದಿಸಿ, ಸೋತು, ಕೆಳಗಿಳಿದೆ.

ಸಂಜೆ ಮನೆಯಲ್ಲಿ ಹಳೆಯ ಪುಟಕ್ಕೆ ಗೀಟು ಎಳೆದು, ಹೊಸ ಪುಟದಲ್ಲಿ ದೊಡ್ಡದಾಗಿ ‘ಇಂದು ಕಣ್ಣಾರೆ ಕಂಡೆ’ ಎಂದು ಬರೆದೆ. ಪೆನ್ನು ಅಲ್ಲಿಗೇ ನಿಂತಿತು. ಮುಕ್ಕಾದ ಮೂಲೆ ಯಾವ ದಿಕ್ಕಿಗಿತ್ತು? ವಾದದ ಭರದಲ್ಲಿ ಕಂಬವನ್ನೇ ಸರಿಯಾಗಿ ನೋಡಿರಲಿಲ್ಲ.

ಅಡುಗೆಮನೆಯತ್ತ ತಿರುಗಿ ಮೆಲ್ಲಗೆ ಕೇಳಿದೆ.

“ಮೂಡಲಕ್ಕ,” ಎಂದಳು ಗಿರಿಜೆ. “ಕಣ್ಣಾರೆ ಕಂಡೆ ಅಂತ ಬರ್ಕೊಳ್ರಿ ಮತ್ತ.”

ಅಷ್ಟನ್ನು ಮೊದಲೇ ಬರೆದುಕೊಂಡಿದ್ದೆ.